ತನ್ನ ಬೆಲೆಯನ್ನು ತಾನೇ ಏರಿಸಿದ ಮುದುಕಿ

ಕಾರವಾರದ ಹಳೆಯ ಮನೆಯೊಂದರ ಸಾಮಾನುಗಳನ್ನು ಹರಾಜು ಕೂಗುತ್ತಿದ್ದೆ. ಹಿತ್ತಾಳೆಯ ಮೇಣಬತ್ತಿ ಸ್ಟ್ಯಾಂಡು ಎತ್ತಿ ಹಿಡಿದಾಗ, ಚಿತ್ತಾಕುಲದಿಂದ ಬಂದಿದ್ದ ಮೀನು ಮಾರುವ ಮುದುಕಿ ‘ಇನ್ನೂರು’ ಎಂದಳು. ಬೇರೆ ಯಾರೂ ದನಿ ಎತ್ತಲಿಲ್ಲ. ನಾನು ಎರಡನೇ ಸಲ ಕೂಗುವಷ್ಟರಲ್ಲಿ ಅವಳೇ ‘ಮುನ್ನೂರು’ ಎಂದಳು.

‘ಆಯೀ, ನಿಮ್ಮ ಬೆಲೆ ಮೇಲೆ ನೀವೇ ಏರಿಸೂದು ಯಾಕೆ?’ ಎಂದೆ.

‘ತೀರಿಹೋದ ಈ ಮನೆ ಅಮ್ಮೋರು ಸಂಜೆ ನಾ ಮೀನು ತಂದಾಗ ಕರೆಂಟು ಹೋಗಿದ್ರೆ ಇದನ್ನೇ ಹಿಡ್ಕೊಂಡು ಬಾಗಿಲಿಗೆ ಬರ್ತಿದ್ರು ತಮಾ. ಮೀನಿನ ಕಿವಿರು ಎತ್ತಿ ನೋಡ್ತಿದ್ರು, ಆದ್ರೆ ನಾ ಹೇಳಿದ ದರ ಒಂದಿನಾನೂ ಇಳಿಸ್ಲಿಲ್ಲ. ಅವ್ರ ಸಾಮಾನು ನಾ ಅಗ್ಗಕ್ಕೆ ಒಯ್ದ್ರೆ ಚಂದಾಗ್ತದಾ?’

ಅವಳ ತುಟಿ ಮತ್ತೆ ಅಲುಗಿತು. ಮೂರು ಸಲ ಕೂಗದೆಯೇ ಸುತ್ತಿಗೆ ಬಡಿದುಬಿಟ್ಟೆ. ಬೆಲೆ ಏರಲೆಂದು ದಿನವಿಡೀ ಗಂಟಲು ಹರಿದುಕೊಳ್ಳುವವನು, ಅಂದೊಂದು ಸಲ ಎಲ್ಲಿ ಏರಿಬಿಡುತ್ತದೋ ಎಂದು ಹೆದರಿದೆ.