ಪುಣೆಯಲ್ಲಿ ಪ್ರೋಟಾನುಗಳನ್ನು ಬಿಡಿಸುತ್ತಾ

“ಮೊದ್ಲ ಮಾರಿ ತೊಳಕೊಂಡು ಬರ್ರಿ, ಆಮ್ಯಾಲೆ ಚಹಾ ಕುಡೀರಿ” ಎಂದರು ಶಾಂತಾಬಾಯಿ. ಪುಣೆಗೆ ಬಂದಿಳಿದ ಬೆಳಿಗ್ಗೆ, ಬಾಡಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ನನಗೆ ದಿಗಿಲಾಯಿತು. ನಮ್ಮ ಮೈಸೂರು ಕಡೆ ಮಾರಿ ಎಂದರೆ ಊರದೇವತೆ. ವಿಜಯಪುರದಿಂದ ಬಂದು ಇಲ್ಲಿ ನೆಲೆಸಿದ ಈ ಮನೆಯೊಡತಿಗೆ ಅದು ಮುಖ. ಮರಾಠಿಗೆ ಹೆದರಿಕೊಂಡು ಬಂದವಳು ಮೊದಲು ಎಡವಿದ್ದು ಕನ್ನಡದಲ್ಲೇ.

ನಾನು ಬಂದದ್ದು ಒಂದು ಸಂಶೋಧನಾಲಯಕ್ಕೆ. ಔಷಧಿಯ ಪುಡಿಯನ್ನು ದೊಡ್ಡ ಅಯಸ್ಕಾಂತದೊಳಗಿಟ್ಟು ಅದರ ಪ್ರೋಟಾನುಗಳನ್ನು, ಎಂದರೆ ಹೈಡ್ರೋಜನ್ನಿನ ನ್ಯೂಕ್ಲಿಯಸ್ಸುಗಳನ್ನು, ಗುರುತಿಸುವ ಕೆಲಸ. ದ್ರವದಲ್ಲಿ ಅಣುಗಳು ಹೊರಳಾಡುತ್ತವೆ, ಹಾಗಾಗಿ ಒಂದೊಂದರ ಸಂಕೇತವೂ ಪರದೆಯ ಮೇಲೆ ಸೂಜಿಯಂತೆ ಬಿಡಿಯಾಗಿ ಏಳುತ್ತದೆ. ಘನವಸ್ತುವಿನಲ್ಲಿ ಪ್ರೋಟಾನುಗಳು ಒಂದನ್ನೊಂದು ಕಾಡುವುದರಿಂದ ಎಲ್ಲ ಸೇರಿ ಒಂದೇ ಬೋಳುಗುಡ್ಡ. ಬಿಡಿಸಬೇಕಾದರೆ ಪುಡಿಯನ್ನು ಬೆಂಕಿಕಡ್ಡಿಗಿಂತ ಸಣ್ಣ ಕೊಳವೆಗೆ ತುಂಬಿ, ನಿಗದಿತ ಓರೆಯಲ್ಲಿಟ್ಟು, ಗಾಳಿಯ ಒತ್ತಡದಿಂದ ವಿಪರೀತ ವೇಗದಲ್ಲಿ ತಿರುಗಿಸಬೇಕು. ವರ್ಷದೊಳಗೆ ಬಿಡಿಸಲಾಗದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತದೆ, ನಾನು ಮೈಸೂರಿಗೆ, ಗಂಡ ಸತೀಶರ ಬಳಿಗೆ ಮರಳುತ್ತೇನೆ ಎಂದು ಮಾತಾಗಿತ್ತು.

ಪುಡಿ ಸಮನಾಗಿ ಕೂರದೆ ಕೊಳವೆ ಒಡೆಯಿತು. ಹೊಸದು ಹೊರದೇಶದಿಂದ ಬರುವವರೆಗೆ ಕಾದೆ. ಅದರಲ್ಲೂ ಗುಡ್ಡ ಕರಗಲಿಲ್ಲ. ಶಿವಾಜಿನಗರದ ಬಸ್ಸಿನಲ್ಲಿ ನಿಂತೇ ತೂಕಡಿಸುವುದನ್ನು ಕಲಿತೆ.

“ಭಾಳ ಸೊರಗೀರಿ. ಸಾಕ್ ಮಾಡಿ ಊರಿಗೆ ಹೋಗ್ರಿ” ಎಂದರು ಶಾಂತಾಬಾಯಿ, ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಾ.

“ಇನ್ನೊಂದ್ಸಲ ನೋಡ್ತೀನಿ ಅಮ್ಮ” ಎಂದೆ. ಹೋಗಲು ಆಸೆಯೇ ಇತ್ತು. ಸೋತು ಹೋಗಲು ಮಾತ್ರ ಮನಸ್ಸು ಬರಲಿಲ್ಲ.

ಓರೆಯನ್ನು ಕೂದಲೆಳೆಯಷ್ಟು ತಿದ್ದಿ, ವೇಗ ಏರಿಸಿದ ಒಂದು ಮಧ್ಯಾಹ್ನ ಗುಡ್ಡದ ನೆತ್ತಿ ಸೀಳಿತು. ಅಕ್ಕಪಕ್ಕದಲ್ಲಿ ಎರಡು ಶಿಖರ, ನಡುವೆ ಸ್ಪಷ್ಟವಾದ ಕಣಿವೆ. ಜೊತೆಗೆ ಕೆಲಸ ಮಾಡುವ ಸಮೀರ್ ಬಗ್ಗಿ ನೋಡಿ “ಝಾಲಂ ಕೀ” ಎಂದ. ಆಯ್ತಲ್ಲ ಎಂದು ಅದರರ್ಥ. ಕುಣಿಯಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಕುರ್ಚಿಗೆ ಒರಗಿ ಸುಮ್ಮನೆ ಕೂತೆ.

ಪ್ರಾಜೆಕ್ಟನ್ನು ಇನ್ನೆರಡು ವರ್ಷ ಮುಂದುವರಿಸಿದರು. ಫೋನಿನಲ್ಲಿ ಹೇಳಿದಾಗ ಸತೀಶ್, “ನೀನು ಕಷ್ಟಪಟ್ಟಿದ್ದೀಯ. ಇರು” ಎಂದರು.

ದಸರಾ ರಜೆಗೆ ಮೈಸೂರಿಗೆ ಹೋದೆ. ಊಟಕ್ಕೆ ಕೂತಾಗ, “ಬುಧವಾರ ಮನೆಗೆ ಹೊರಡ್ಬೇಕು” ಎಂದುಬಿಟ್ಟೆ. ಸತೀಶರ ಕೈಯಲ್ಲಿ ಸಾರಿನ ಸೌಟು ಅಲ್ಲೇ ನಿಂತಿತು. ನಾನು ಮನೆ ಎಂದದ್ದು ಪುಣೆಯ ಬಾಡಿಗೆ ಕೋಣೆಯನ್ನು. ಮಾತನ್ನು ಹಿಂದಕ್ಕೆ ಪಡೆಯೋಣವೆಂದುಕೊಂಡೆ, ಆಗಲಿಲ್ಲ.

ಅವರು ಸಾರು ಬಡಿಸಿ, “ಎಷ್ಟು ಗಂಟೆಗೆ ಟ್ರೇನು?” ಎಂದು ಕೇಳಿದರು.