ಅಂಡಮಾನಿನ ತಳಕ್ಕೆ ಕೈ ಹಾಕಿದವಳು

ಎದುರುಮನೆ ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಲಂಗ ತೊಡುವ ವಯಸ್ಸಿನಿಂದ ಕುದಿನೀರಿಗೆ ಕೈ ಅದ್ದಿ, ರೇಷ್ಮೆಗೂಡಿನ ಎಳೆ ಹುಡುಕಿ, ನೂಲು ಬಿಚ್ಚಿದ ಬೆರಳುಗಳು ಅವು. ತುದಿಗಳು ಬೆಂದು ಬೆಂದು ಬೆಳ್ಳಗಾಗಿ, ಸಿಪ್ಪೆ ಸುಲಿದ ಅವರೆಕಾಳಿನ ಹಾಗೆ ನುಣ್ಣಗಿದ್ದವು. ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದಾಗ ಅದು ಅವಳನ್ನು ಗುರುತಿಸಲೇ ಇಲ್ಲ. ಹತ್ತು ಬೆರಳನ್ನೂ ಒತ್ತಿಸಿ ನೋಡಿದರು. ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರೆ ಅವಳು ಸೆರಗಿಗೆ ಕೈ ಒರೆಸಿಕೊಂಡು, "ಈ ಮಿಷನ್‌ಗೇ ನನ್ ಮೇಲೆ ನಂಬ್ಕೆ ಇಲ್ಲ. ಇನ್ ನಾನ್ಯಾಕೆ ಯಾರ್ನಾದ್ರೂ ನಂಬ್ಲಿ?" ಎಂದಳು.

ಮಕ್ಕಳೇ, ನೀವು ಅವಳನ್ನು ಎದುರುಮನೆ ಅಜ್ಜಿ ಎನ್ನುತ್ತಿದ್ದಿರಿ. ನೀವು ಕೊಟ್ಟ ಬಿಸ್ಕತ್ತನ್ನೂ ತಿರುಗಿಸಿ, ಮೂಸಿ, ಆಮೇಲೆ ಬಾಯಿಗಿಡುತ್ತಿದ್ದಳೆಂದು ಆಡಿಕೊಂಡು ನಗುತ್ತಿದ್ದಿರಿ. ನಡುಮನೆಯ ಗೋಡೆಯ ಮೇಲೆ ನಾನು ಸಮುದ್ರದ ನೀರಿನಲ್ಲಿ ನಿಂತಿರುವ ಫೋಟೋ ಇದೆಯಲ್ಲ, "ಅಜ್ಜಿ, ಮಾತೇ ಆಡದ ನೀನು ಅಷ್ಟು ದೂರ ಹೆಂಗೆ ಹೋದೆ?" ಎಂದು ಮೊನ್ನೆ ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡದಲ್ಲಿ, ನೀವು ಶಾಲೆಗೆ ಹೋಗಿರುವ ಹೊತ್ತಿನಲ್ಲಿ, ಬರೆದಿಡುತ್ತಿದ್ದೇನೆ.

ಅಕ್ಕನ ಅನುಮಾನ ಹುಟ್ಟಿದ್ದು ಗೂಡಿನ ಮಾರುಕಟ್ಟೆಯಲ್ಲಿ. ಗಂಡ ಬೇಗ ತೀರಿಕೊಂಡ ಮೇಲೆ ಅವಳೇ ಗೂಡು ಕೊಳ್ಳಲು ಹೋಗುತ್ತಿದ್ದಳು. ಆ ಗಂಡಸರ ಗದ್ದಲದಲ್ಲಿ ಹೆಂಗಸು ಎಂದರೆ ಅವಳೊಬ್ಬಳೇ ಇದ್ದ ಕಾಲವೂ ಇತ್ತಂತೆ. ಎಲ್ಲರೂ ರಾಶಿಯ ಮೇಲಿನ ಗೂಡನ್ನು ಎತ್ತಿ ನೋಡಿದರೆ, ಇವಳು ಬಳೆ ಹಿಂದಕ್ಕೆ ಸರಿಸಿ ಮೊಣಕೈಯವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದಳು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗಿನ ಹುಳ ಚೆನ್ನಾಗಿದ್ದರೆ ಗೂಡು ಲೊಟಲೊಟ ಎನ್ನುತ್ತದೆ. ಹುಳ ಸತ್ತು ಗೋಡೆಗೆ ಅಂಟಿದ್ದರೆ ಸದ್ದು ಬರುವುದಿಲ್ಲ. "ಮೇಲಿನ ಗೂಡು ಮಾರೋನ್ದು, ತಳದ ಗೂಡು ನಂದು" ಎನ್ನುವುದು ಅವಳ ಮಾತು. ಸೊಪ್ಪು ಕೊಳ್ಳುವಾಗಲೂ ಹೇಳುತ್ತಿದ್ದಳು, ಸೊಸೆ ನೋಡಲು ಹೋದಾಗಲೂ ಹೇಳಿದ್ದಳಂತೆ.

ಮಗ ಪೇಟೆಯ ಕಡೆ ಸಂಬಳದ ಕೆಲಸ ಹಿಡಿದು ನೂಲಿನ ಕೆಲಸ ನಿಲ್ಲಿಸಿದ. ಕೈಗೆ ಕೆಲಸವಿಲ್ಲದ ಮೇಲೆ ಅವಳ ಅನುಮಾನವೆಲ್ಲ ನಮ್ಮ ಬೀದಿಯ ಮೇಲೆ ಬಿತ್ತು. ಯಾರ ಮನೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು, ಯಾರು ಯಾಕೆ ಹೊಸ ಸೀರೆ ಉಟ್ಟರು, ಹಾಲಿನ ಡೇರಿಗೆ ಹೋದವಳು ಯಾಕೆ ತಡಮಾಡಿದಳು, ಎಲ್ಲವೂ ಅವಳಿಗೆ ಬೇಕು. ನಿಜ ಹೇಳುತ್ತೇನೆ, ನನಗೆ ಅವಳೆಂದರೆ ಭಯವಿತ್ತು. ನಿಮ್ಮ ತಾತ ಹೋದ ಮೇಲೆ ಅವಳು ಜಗಲಿಯಲ್ಲಿ ಕೂತು ನಮ್ಮ ಬಾಗಿಲನ್ನೇ ನೋಡುವುದನ್ನು ಕಂಡು, ಇವಳಿಗೆ ನಮ್ಮ ಮನೆಯಿಂದ ಏನು ಬೇಕಾಗಿದೆಯೋ ಎಂದು ನಾನೂ ಅನುಮಾನ ಪಡುತ್ತಿದ್ದೆ.

ಹೀಗಿರುವಾಗ ನಮ್ಮ ಮಹಿಳಾ ಸಂಘದವರಿಗೆ ವಿಮಾನ ಹತ್ತುವ ಆಸೆ ಹುಟ್ಟಿತು. ದಿನವಿಡೀ ತಲೆಯ ಮೇಲೆ ವಿಮಾನ ಹಾರುವ ಊರಿನವರು ನಾವು. ಅದರ ಹೊಟ್ಟೆ ನೋಡಿದ್ದೆವೇ ಹೊರತು ಒಳಗೆ ನೋಡಿರಲಿಲ್ಲ. ಅಂಡಮಾನಿಗೆ ಹೋಗೋಣ ಎಂದಾಯಿತು. ಪ್ರವಾಸ ಕರೆದುಕೊಂಡು ಹೋಗುವ ಒಬ್ಬ ನಡುವಯಸ್ಸಿನವನು ಸಂಘದ ಸಭೆಗೇ ಬಂದ. ನೀಲಿ ನೀರು, ಬಿಳಿ ಮರಳು ಇರುವ ದೊಡ್ಡ ಆಲ್ಬಮ್ಮನ್ನು ಜಮಖಾನೆಯ ಮೇಲೆ ಬಿಡಿಸಿಟ್ಟ.

"ನೋಡಿ ಅಮ್ಮ, ಸಂಕ್ರಾಂತಿ ಟೈಮಲ್ಲಿ ಹೋದ್ರೆ ಕಾಲಿಡೋಕೆ ಜಾಗ ಇರಲ್ಲ. ಬೇಸಿಗೆ ಕಳೆದ್ಮೇಲೆ ಹೋದ್ರೆ ಮಳೆ. ಯುಗಾದಿ ಕಳೆದು ಮಳೆ ಹಿಡಿಯೋದ್ರೊಳಗೆ ಹೋಗ್ಬಿಟ್ರೆ ಎರಡರ ಕಾಟಾನೂ ಇಲ್ಲ. ರೇಟೂ ಕಮ್ಮಿ."

ಎಲ್ಲರೂ ತಲೆದೂಗಿದರು. ಗೋಡೆಗೊರಗಿ ಕೂತಿದ್ದ ಅಕ್ಕ, "ಯಾಕೆ ಕಮ್ಮಿ?" ಎಂದಳು.

"ಸೀಸನ್ ಅಲ್ವಲ್ಲಮ್ಮ, ಅದಕ್ಕೆ."

"ಸಮುದ್ರ ಅದೇ ತಾನೇ?"

"ಅದೇ."

"ರೂಮು?"

"ಅದೇ ರೂಮಮ್ಮ."

"ಊಟ?"

"ಊಟಾನೂ ಅದೇ."

"ಎಲ್ಲಾ ಅದೇ ಆದ್ರೆ ಕಮ್ಮಿ ಯಾಕಪ್ಪಾ? ಯಾವ್ದೋ ಒಂದು ಅದಲ್ಲ. ಅದ್ಯಾವ್ದು ಅಂತ ಬಾಯ್ಬಿಡು."

ಸಂಘದ ಕಾರ್ಯದರ್ಶಿಗೆ ಮುಜುಗರವಾಯಿತು. "ಅಯ್ಯೋ ಬಿಡಕ್ಕ, ಇದೇನು ಗೂಡಿನ ಮಾರ್ಕೆಟ್ಟಾ?" ಎಂದಳು.

"ಮತ್ತಿನ್ನೇನೇ? ಕಣ್ಣಲ್ಲಿ ನೋಡ್ದೇ ಇರೋ ಮಾಲು ತಗೋತಾ ಇದ್ದೀವಿ" ಎಂದು ಅಕ್ಕ ಆಲ್ಬಮ್ಮನ್ನು ಹಿಂದಿನ ಪುಟದಿಂದ ತಿರುವಿದಳು. ಅಲ್ಲಿಯೂ ನೀಲಿ ನೀರೇ ಇತ್ತು. "ಇವೆಲ್ಲಾ ಮೇಲಿನ ಗೂಡು" ಎಂದು ಪಕ್ಕಕ್ಕೆ ತಳ್ಳಿ, "ನಾವು ಇಳ್ಕೊಳ್ಳೋ ಲಾಡ್ಜಿಗೆ ಫೋನ್ ಹಾಕು. ಮುಖ ಕಾಣೋ ಫೋನು" ಎಂದಳು.

ಅವನು ಬೆವರು ಒರೆಸಿಕೊಂಡು ಫೋನ್ ಮಾಡಿದ. ಟೈ ಕಟ್ಟಿದ ಮ್ಯಾನೇಜರು ಕಾಣಿಸಿಕೊಂಡು ನಗುತ್ತಾ ಮಾತು ಶುರುಮಾಡಿದ. ಅಕ್ಕ ಅವನನ್ನು ಅರ್ಧಕ್ಕೇ ನಿಲ್ಲಿಸಿದಳು. "ಇವ್ರು ಬೇಡ. ಅಲ್ಲಿ ಪಾತ್ರೆ ತೊಳೆಯೋಳು ಯಾರಿದ್ದಾಳೆ, ಅವಳ್ನ ಕರೆಸು."

ಸಭೆಯಲ್ಲಿ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಅವಳು ಮೊಣಕೈಯವರೆಗೆ ಕೈ ತೂರಿಸುತ್ತಿರುವುದು ನನಗೆ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸಿನ ಮುಖ ಕಾಣಿಸಿತು. ಆಂಧ್ರದ ಕರಾವಳಿಯಿಂದ ಅಲ್ಲಿಗೆ ಹೋಗಿ ನೆಲೆಸಿದವಳು. ಗೂಡಿನ ವ್ಯಾಪಾರದಲ್ಲಿ ಕಲಿತ ತೆಲುಗು ಅಕ್ಕನಿಗೆ ಬರುತ್ತಿತ್ತು. ಊಟವಾಯಿತೇ ಎಂದು ಮೊದಲು ಕೇಳಿದಳು. ಆಮೇಲೆ, "ನಿನ್ ಕೈ ತೋರ್ಸಮ್ಮ" ಎಂದಳು. ಅವಳು ಗಾಬರಿಯಾಗಿ ಒದ್ದೆ ಕೈಯನ್ನು ಫೋನಿನ ಮುಂದೆ ಹಿಡಿದಳು. ನೀರಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳುಗಳು. ಅಕ್ಕ ತನ್ನ ಕೈಯನ್ನೂ ಎತ್ತಿ ತೋರಿಸಿದಳು.

"ಈಗ ಹೇಳು. ಆ ತಿಂಗಳಲ್ಲಿ ಬಂದ್ರೆ ಏನು ತೊಂದ್ರೆ?"

ಅವಳು ಮ್ಯಾನೇಜರು ಆಚೆ ಹೋದನೇ ಎಂದು ನೋಡಿ ಹೇಳಿದಳು. ಹತ್ತು ಗಂಟೆಯ ಮೇಲೆ ಬಿಸಿಲು ತಡೆಯಲಾಗುವುದಿಲ್ಲ. ಆಗ ನೀರಿಗೂ ಕಷ್ಟ, ನಲ್ಲಿಯಲ್ಲಿ ಬೆಳಿಗ್ಗೆ ಸಂಜೆ ಮಾತ್ರ. ಇನ್ನೊಂದು ದ್ವೀಪಕ್ಕೆ ಹೋಗುವ ಹಡಗು ಗಾಳಿ ಎದ್ದ ದಿನ ಬಿಡುವುದಿಲ್ಲ. ಹಿಂದೊಮ್ಮೆ ಒಂದು ಕುಟುಂಬ ಆಚೆ ದ್ವೀಪದಲ್ಲೇ ಸಿಕ್ಕಿಕೊಂಡು, ಊರಿಗೆ ಮರಳುವ ವಿಮಾನ ತಪ್ಪಿಹೋಗಿ, ಆ ಮನೆಯ ಮುದುಕಿ ಲಾಡ್ಜಿನ ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತಿದ್ದಳು. "ಆದ್ರೂ ಬನ್ನಿ. ಬೆಳಗಿನ ಹೊತ್ತು ನೀರು ಚೆನ್ನಾಗಿರುತ್ತೆ" ಎಂದಳು.

ಅಕ್ಕ ಪ್ರವಾಸದವನ ಕಡೆ ತಿರುಗಿದಳು. ಅವನ ಪಟ್ಟಿಯಲ್ಲಿ ಆಚೆ ದ್ವೀಪ ಕೊನೆಗಿತ್ತು. ಅಲ್ಲಿಂದ ಬೆಳಿಗ್ಗೆ ಹಡಗಿನಲ್ಲಿ ಬಂದು ಮಧ್ಯಾಹ್ನ ವಿಮಾನ. "ಎಲ್ರೂ ಹಿಂಗೇ ಹೋಗೋದಮ್ಮ" ಎಂದ.

"ಎಲ್ರೂ ಹೋಗ್ಲಿ. ನಾವು ದೂರದ್ದು ಮೊದ್ಲು ನೋಡಿ, ಕಡೇ ಎರಡು ದಿನ ವಿಮಾನದ ಊರಲ್ಲೇ ಇರ್ತೀವಿ. ಹಂಗಾದ್ರೆ ಉಂಟು, ಇಲ್ದಿದ್ರೆ ಎದ್ದು ಹೋಗು."

ಅವನು ಅಂದು ಎದ್ದೇ ಹೋದ. ಮೂರನೇ ಸಲ ಬಂದಾಗ ಪಟ್ಟಿಯನ್ನು ತಿರುವುಮುರುವು ಮಾಡಿಕೊಂಡು ಬಂದಿದ್ದ. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು ಎರಡು ಸಲ ಓದಿಸಿದಳು. ಅವಳಿಗೆ ಓದು ಬಾರದು.

ಆದರೆ ಹೆಸರು ಕೊಟ್ಟವರಲ್ಲಿ ನಾನಿರಲಿಲ್ಲ. "ನಂಗೆ ಬೇಡ, ಮನೇಲಿ ಹಸು ಇದೆ" ಎಂದುಬಿಟ್ಟಿದ್ದೆ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ನಾನು ಒಂದು ನಾಮಕರಣಕ್ಕೂ ಹೋದವಳಲ್ಲ. ಗಂಡ ಸತ್ತವಳು ಸಮುದ್ರ ನೋಡಿ ನಗುತ್ತಾ ಫೋಟೋ ತೆಗೆಸಿಕೊಂಡಳು ಎಂದು ಜನ ಅಂದರೆ? ಅದನ್ನು ಯಾರಿಗೂ ಹೇಳಿರಲಿಲ್ಲ. ಆಲ್ಬಮ್ಮಿನ ಆ ನೀಲಿ ಮಾತ್ರ ಕಣ್ಣು ಮುಚ್ಚಿದರೆ ಬರುತ್ತಿತ್ತು.

ಪಟ್ಟಿ ಓದಿಸಿದ ಮರುದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ರಾಗಿ ಕೇರುತ್ತಿದ್ದಾಗ ಅಕ್ಕ ಬಂದು ಎದುರಿಗೆ ಕೂತಳು.

"ಹಸು ಯಾರೇ ಕರಿಯೋದು?"

"ನಾನೇ ಅಕ್ಕ."

"ಸುಳ್ಳು. ನಿನ್ ಸೊಸೆ ಕರೀತಾಳೆ. ದಿನಾ ಬೆಳಿಗ್ಗೆ ಹಾಲಿನ ಚೊಂಬು ಹಿಡ್ಕೊಂಡು ಹೋಗೋದು ನಾನು ನೋಡಲ್ವಾ?"

ನಾನು ರಾಗಿಯನ್ನು ಇನ್ನೂ ಜೋರಾಗಿ ಕೇರಿದೆ.

"ಹಸು ಮೇಲಿನ ಗೂಡಾಯ್ತು. ತಳದಲ್ಲಿ ಏನೈತೆ ತೆಗಿ."

"ಏನೂ ಇಲ್ಲಕ್ಕ. ಆಸೆ ಇಲ್ಲ, ಅಷ್ಟೇ."

"ಎರಡು ವರ್ಷದಿಂದ ನಿನ್ನ ಅಲ್ಲಾಡ್ಸಿ ನೋಡ್ತಾ ಇದ್ದೀನಿ. ಸದ್ದೇ ಬರ್ತಿಲ್ಲ ಕಣೆ" ಎಂದಳು.

ನನಗೆ ಎಲ್ಲಿಂದ ಸಿಟ್ಟು ಬಂತೋ. ಮೊರ ಕೆಳಗಿಟ್ಟು, ಹುಟ್ಟಿದ ಮೇಲೆ ಯಾರಿಗೂ ಆಡದ ದನಿಯಲ್ಲಿ ಅಂದೆ: "ನಿಂಗೆ ಬೋರ್ಡು, ಚೀಟಿ ಓದಿ ಹೇಳೋಕೆ ಒಬ್ಳು ಬೇಕು. ಅದಕ್ಕೇ ನನ್ನ ಎಳ್ಕೊಂಡು ಹೋಗ್ತೀಯ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಗಂಡ ಸತ್ತೋಳು ಮೆರೆಯೋಕೆ ಹೋದ್ಲು ಅಂತ ನಾಳೆ ಊರು ನನ್ನ ಆಡ್ಕೊಳ್ಳುತ್ತೆ, ನಿನ್ನನ್ನಲ್ಲ!"

ಅಕ್ಕ ಬಾಯಿತುಂಬ ನಕ್ಕಳು. "ಹಾಂ! ಬಂತು ನೋಡು ಸದ್ದು. ಹುಳ ಬದುಕೈತೆ" ಎಂದಳು. ಆಮೇಲೆ ನಗು ನಿಲ್ಲಿಸಿ, "ಓದೋಕೂ ಬೇಕು ಕಣೆ, ಅದೇನು ಸುಳ್ಳಲ್ಲ. ನಾನೂ ಗಂಡ ಸತ್ತೋಳೇ. ಮಾರ್ಕೆಟ್ಟಿಗೆ ಹೋದಾಗ ಊರು ನನ್ನ ಬಿಟ್ಟಿತ್ತಾ? ಆಡ್ಕೊಂಡು ಆಡ್ಕೊಂಡು ಅವ್ರಿಗೇ ಬಾಯಿ ನೋವು ಬಂತು. ನಿನ್ ಬೀದಿಬಾಗ್ಲು ಸೂರ್ಯ ನೆತ್ತಿಗೆ ಬಂದ್ರೂ ತೆಗಿಯಲ್ಲ, ಎಲ್ರೂ ಹಿತ್ಲಿಂದ್ಲೇ ಓಡಾಡ್ತಾರೆ. ದಿನಾ ನೋಡ್ತೀನಿ, ಇವತ್ತಾದ್ರೂ ತೆಗೀತಾಳಾ ಅಂತ" ಎಂದಳು.

ಜಗಲಿಯಲ್ಲಿ ಕೂತು ಅವಳು ನೋಡುತ್ತಿದ್ದುದು ಅದನ್ನು. ನಾನು ಹೆಸರು ಕೊಟ್ಟೆ.

ವಿಮಾನದಲ್ಲಿ ಅವಳು ಬೆಲ್ಟನ್ನು ಮೂರು ಸಲ ಎಳೆದು ನೋಡಿದಳು. ಕೊಟ್ಟ ನೀರಿನ ಬಾಟಲಿಯ ಮುಚ್ಚಳವನ್ನೂ ನೋಡಿದಳು. ನಾವು ಹೋದ ಅಷ್ಟೂ ದಿನ ಅಂಡಮಾನಿನಲ್ಲಿ ಗಾಳಿ ಏಳಲಿಲ್ಲ. ಹಡಗು ಒಂದು ದಿನವೂ ನಿಲ್ಲಲಿಲ್ಲ. ಕಡೆಯ ಎರಡು ದಿನ ವಿಮಾನದ ಊರಿನಲ್ಲಿ ಸೆಕೆಗೆ ಬೇಯುತ್ತಾ ಕೂತಾಗ ಸಂಘದವರು, "ಅಕ್ಕನ ಅನುಮಾನದಿಂದ ಎರಡು ದಿನ ದಂಡವಾಯ್ತು" ಎಂದು ಗೇಲಿಮಾಡಿದರು.

"ತಳದ ಗೂಡೂ ಚೆನ್ನಾಗೇ ಇತ್ತು ಅಂತ ಗೊತ್ತಾಯ್ತಲ್ಲ. ನೋಡಿದ್ದು ತಪ್ಪಾ?" ಎಂದಳು ಅಕ್ಕ. ಅವಳ ಮುಖದಲ್ಲಿ ಸೋತ ಕಳೆ ಇರಲಿಲ್ಲ.

ಅವಳು ಆ ಪಾತ್ರೆ ತೊಳೆಯುವವಳನ್ನು ಹುಡುಕಿಕೊಂಡು ಹೋಗಿ, ಊರಿಂದ ಕಟ್ಟಿ ತಂದಿದ್ದ ನಿಪ್ಪಟ್ಟಿನ ಡಬ್ಬಿ ಕೊಟ್ಟಳು. ಆ ಹೆಂಗಸು ಒಂದು ನಿಪ್ಪಟ್ಟನ್ನು ತಿರುಗಿಸಿ ನೋಡಿ ಕಚ್ಚಿದಾಗ ಅಕ್ಕನಿಗೆ ಆದ ಸಂತೋಷವನ್ನು ನೀವು ನೋಡಬೇಕಿತ್ತು.

ಫೋಟೋದ ಬೆಳಿಗ್ಗೆ ಇನ್ನೂ ಬಿಸಿಲು ಏರಿರಲಿಲ್ಲ. ನಾವಿಬ್ಬರೂ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆವು. ಅಷ್ಟು ನೀರು. ನನಗೆ ಅಳು ಬಂತು, ಅಳುತ್ತಲೇ ನಗು ಬಂತು. "ಇದ್ರ ತಳ ನೋಡಲ್ವೇನಕ್ಕ?" ಎಂದು ನಾನೇ ಕೆಣಕಿದೆ.

"ಇದನ್ನ ಯಾರೂ ಮಾರ್ತಿಲ್ವಲ್ಲ ಬಿಡು. ನೋಡೋದೇನೈತೆ?" ಎಂದು ಆ ಗೆರೆಯಿಲ್ಲದ ಬೆರಳಿನಿಂದ ನೀರು ತೆಗೆದು ನನ್ನ ಮುಖಕ್ಕೆ ಚಿಮುಕಿಸಿದಳು. ಆಗ ತೆಗೆದದ್ದು ಆ ಫೋಟೋ. ಊರು ಆಡಿಕೊಂಡಿತು, ನಿಜ. ಒಂದು ವಾರ.

ಹೋದ ವರ್ಷ ಅವಳಿಗೆ ಉಸಿರಿನ ಕಾಯಿಲೆ ಹೆಚ್ಚಾಯಿತು. ಅಷ್ಟು ವರ್ಷ ಕುಡಿದ ಹಬೆ ಎದೆಯಲ್ಲಿ ಕೂತಿತ್ತೋ ಏನೋ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೂರನೇ ದಿನ ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋದೆ. ದಿಂಬಿಗೆ ಒರಗಿ ಕೂತಿದ್ದಳು. ಎರಡು ಚಮಚ ಕುಡಿದು ಸಾಕೆಂದಳು.

"ಚೆನ್ನಾಗಿದ್ದೀನಿ ಕಣೆ. ನೀನು ಹೋಗು. ಹಸು ಕರಿಯೋ ಹೊತ್ತಾಯ್ತು."

ನಾನು ಏಳಲಿಲ್ಲ. "ಹಸು ನನ್ನ ಸೊಸೆ ಕರೀತಾಳೆ" ಎಂದೆ.

"ಕಲ್ತ್ಬಿಟ್ಟೆ ನೋಡು" ಎಂದು ಕೈ ಚಾಚಿದಳು. ಆ ಕೈ ಹಿಡಿದು ಕೂತೆ. ದೀಪ ಹಚ್ಚುವ ಹೊತ್ತಿಗೆ ಅವಳು ಹೋದಳು. ಅವಳ ಮಗ ಕೆಲಸದಿಂದ ಇನ್ನೂ ಬಂದಿರಲಿಲ್ಲ, ಅವಳ ಸೊಸೆ ಒಲೆಯ ಮುಂದಿದ್ದಳು. ಅವಳ ಮಾತು ನಂಬಿ ನಾನು ಎದ್ದು ಬಂದಿದ್ದರೆ ಆ ಹೊತ್ತಿನಲ್ಲಿ ಅವಳು ಒಬ್ಬಳೇ ಇರುತ್ತಿದ್ದಳು.

ನಾನು 'ಬೇಡ' ಎಂದಾಗ ಎಲ್ಲರೂ ನಂಬಿದ್ದರು. ನಿಮ್ಮಪ್ಪನೂ ನಂಬಿದ್ದ. ನಂಬದೆ ಹೋದವಳು ಅವಳೊಬ್ಬಳೇ. ಈಗಲೂ ಬೆಳಗಾಗುತ್ತಲೇ ನಾನು ಎದ್ದು ಮೊದಲು ಬೀದಿಬಾಗಿಲು ತೆಗೆಯುತ್ತೇನೆ. ಎದುರಿನ ಜಗಲಿಯಲ್ಲಿ ಯಾರೂ ಇಲ್ಲ. ಆದರೂ ಪೂರ್ತಿ ತೆಗೆದಿಡುತ್ತೇನೆ.