ನಾಲ್ಕನೆಯ ಪ್ರಶ್ನೆಗೆ ‘ಹೌದು’

ಕೋವಿಡ್ ನಿರ್ಬಂಧಗಳು ಮುಗಿದ ಮರುವರ್ಷ, ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದಾಗ, ನಾನು ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಅನುವಾದಕಿಯಾಗಿದ್ದೆ. ಆ ದಿನಗಳ ಡೈರಿ ನನ್ನ ಬಳಿ ಇದೆ. ಬರೆದವಳು ನಾನೇ ಆದ್ದರಿಂದ ಅದನ್ನು ಪೂರ್ತಿ ನಂಬುವುದಿಲ್ಲ.

ಲೈಂಗಿಕ ವೃತ್ತಿಯನ್ನು ಕಾನೂನು ಹೇಗೆ ಕಾಣಬೇಕು ಎಂದು ಸಮಿತಿಯೊಂದು ಅಭಿಪ್ರಾಯ ಕೇಳುತ್ತಿತ್ತು. ವಯಸ್ಕ ಹೆಣ್ಣು ಸ್ವಂತ ಇಚ್ಛೆಯಿಂದ ಈ ವೃತ್ತಿ ಮಾಡುವುದು ನಮ್ಮಲ್ಲಿ ನೇರವಾಗಿ ಅಪರಾಧವಲ್ಲ. ಆದರೆ ಅದರ ಸುತ್ತಲಿನದು ಬಹುಪಾಲು ಅಪರಾಧ. ಹೀಗಾಗಿ ಪೊಲೀಸರ ಭಯ ತಪ್ಪಿದ್ದಲ್ಲ. ಸಮಿತಿಯ ಮುಂದೆ ಎರಡು ದಾರಿಗಳಿದ್ದವು. ಒಂದು ಲೀಗಲೈಸೇಶನ್: ಸರ್ಕಾರ ಹೆಸರು ನೋಂದಾಯಿಸಿಕೊಂಡು ಪರವಾನಗಿ ಕೊಡುತ್ತದೆ. ಇನ್ನೊಂದು ಡಿಕ್ರಿಮಿನಲೈಸೇಶನ್: ಶಿಕ್ಷೆಯ ಕಲಮುಗಳನ್ನು ತೆಗೆದು ದೂರ ನಿಲ್ಲುತ್ತದೆ. ಪ್ರಶ್ನಾವಳಿಯ ನಾಲ್ಕನೆಯ ಪ್ರಶ್ನೆ ಮೊದಲನೆಯದರ ಬಗ್ಗೆ, ಐದನೆಯದು ಎರಡನೆಯದರ ಬಗ್ಗೆ.

ಒಂದೇ ಮಧ್ಯಾಹ್ನ ಹನ್ನೊಂದು ಪುಟ ಕನ್ನಡಕ್ಕೆ ತರಬೇಕಿತ್ತು. ನಾಲ್ಕಕ್ಕೆ ‘ಕಾನೂನುಬದ್ಧಗೊಳಿಸುವುದು’ ಎಂದು ಬರೆದೆ, ಐದಕ್ಕೆ ‘ಕಾನೂನಿನ ಮಾನ್ಯತೆ ನೀಡುವುದು’ ಎಂದು. ಐದಕ್ಕೆ ‘ಅಪರಾಧಮುಕ್ತ’ ಎಂಬ ಪದವೂ ಹೊಳೆದಿತ್ತು. ಕಿವಿಗೆ ಒರಟು ಎನಿಸಿ ಬಿಟ್ಟೆ.

ಕನ್ನಡದ ಪ್ರಶ್ನಾವಳಿ ತುಂಬಲು ಬಂದವಳು ಒಬ್ಬಳೇ, ಕಸ್ತೂರಿ. ನಲವತ್ತರ ಆಸುಪಾಸಿನವಳು, ಉತ್ತರ ಕರ್ನಾಟಕದ ಮಾತು. ಲಕ್ಷ್ಮೀ ನಗರದ ಬಾಡಿಗೆ ಕೋಣೆಯಲ್ಲಿ ಮಗಳೊಂದಿಗಿದ್ದಳು. ಮಗಳು ಅಲ್ಲೇ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಹೋಗುತ್ತಿದ್ದಳು.

“ನಾ ಟಿಫಿನ್ ಸೆಂಟರ್‌ನ್ಯಾಗ ಅಡಗಿ ಮಾಡ್ತೀನಿ ಅಂತ ಮಗಳು ತಿಳ್ಕೊಂಡಾಳ್ರೀ. ಮನಿ ಮಾಲಕನೂ ಹಂಗ,” ಎಂದಳು ಚಹಾ ಕುಡಿಯುತ್ತ. “ನನ್ನ ಸಾರು ಉಂಡೂ ಆಕಿಗೆ ಡೌಟ್ ಬಂದಿಲ್ಲ ನೋಡ್ರಿ. ಅಂಥಾ ಸಾರು ಮಾಡಾಕಿಗೆ ಯಾರು ಕೆಲಸ ಕೊಟ್ಟಾರು?”

ಇಬ್ಬರೂ ನಕ್ಕೆವು. ಆಮೇಲೆ ಅವಳು ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು.

“ಅಕ್ಕಾರ, ನಾಕು, ಐದು ಎರಡೂ ಒಂದ ಏನ್ರೀ?”

ಡೈರಿಯಲ್ಲಿ ‘ಸಂಶಯ ಕೇಳಿದಳು, ವಿವರಿಸಿದೆ’ ಎಂದಿದೆ. ನನಗೆ ನೆನಪಿರುವುದು ಬೇರೆ. ಗಡಿಯಾರ ನೋಡುತ್ತ, “ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಹೌದು ಅಂತ ಹಾಕಿ,” ಎಂದಿದ್ದೆ.

“ಅಂದ್ರ ಇನ್ನ ಪೊಲೀಸ್ರು ಬರಂಗಿಲ್ಲ, ಹೌದಿಲ್ರೀ?”

“ಅದಕ್ಕೇ ತಾನೇ ಇದೆಲ್ಲ,” ಎಂದೆ.

ನಾಲ್ಕಕ್ಕೆ ಹೌದು ಎಂದವರು ಕೆಳಗೆ ಹೆಸರು, ವಿಳಾಸ ಬರೆದು ಸಹಿ ಮಾಡಬೇಕಿತ್ತು. ಅದು ಪ್ರಾಯೋಗಿಕ ನೋಂದಣಿಗೆ ಎಂದು ಸಣ್ಣ ಅಕ್ಷರದಲ್ಲಿತ್ತು. ಅವಳು ಪಿನ್‌ಕೋಡ್ ಮರೆತಿದ್ದಳು. ಹುಡುಕಿ ಹೇಳಿದವಳು ನಾನು.

ಮೂರು ವಾರದ ಮೇಲೆ, ಊಟದ ಹೊತ್ತು ಕಳೆದ ಮೇಲೆ ಅವಳ ಫೋನ್ ಬಂತು. ದನಿ ತಗ್ಗಿತ್ತು.

“ಠಾಣೇದವ್ರು ಬಂದಿದ್ರು ಅಕ್ಕಾರ. ಹಿಡಿಯಾಕಲ್ಲ, ನಾ ಸಹಿ ಮಾಡಿದ ಕಾಗದ ಹಿಡ್ಕೊಂಡು ಬಂದಿದ್ರು. ವಿಳಾಸದ ವೆರಿಫಿಕೇಶನ್ ಅಂತ. ಎಲ್ಲಾ ಮಾಲಕನ ಮುಂದ ಓದಿದ್ರು.”

“ಮಗಳು?”

“ಕ್ಲಾಸಿಗೆ ಹೋಗ್ಯಾಳ, ಆರಕ್ಕ ಬರ್ತಾಳ. ತಪ್ಪಾಗೇತಿ ಅಂತ ಅಷ್ಟರಾಗ ನಿಮ್ಮ ಆಫೀಸಿನ ಕಾಗದ ತಂದ್ರ ಆಕಿಗೆ ಹೇಳೂದಿಲ್ಲ, ಮನೀನೂ ಬಿಡಿಸೂದಿಲ್ಲ ಅಂದಾನ ಮಾಲಕ.”

ನಾನು ಸೆಕ್ಷನ್ ಅಧಿಕಾರಿಯ ಬಳಿ ಹೋದೆ. ಹಿಂದಿಯವರು, ಎಂದೂ ದನಿ ಏರಿಸದ ಮನುಷ್ಯ.

“ಮೇಡಮ್, ಆಕೆ ಹೌದು ಎಂದಿದ್ದಾಳೆ. ಸಹಿಯೂ ಇದೆ.”

“ಅವಳು ಓದಿದ ಪ್ರಶ್ನೆಯೇ ಬೇರೆ.”

“ಅಚ್ಛಾ. ಹಾಗಾದರೆ ಅನುವಾದ ತಪ್ಪು ಎಂದು ಬರೆದುಕೊಡಿ.” ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

ಮೂವತ್ತೊಂದು ವರ್ಷದ ಸೇವೆಯಲ್ಲಿ ನನ್ನ ಮೇಲೆ ತಪ್ಪಿನ ಒಂದು ಟಿಪ್ಪಣಿಯೂ ಇರಲಿಲ್ಲ. ಎರಡು ಸಲ ಬರೆದು ಹರಿದೆ. ಕೊನೆಗೆ ಕೊಟ್ಟದ್ದು: ‘ಅನುವಾದದಲ್ಲಿ ಅಸ್ಪಷ್ಟತೆ ಇರಬಹುದು.’ ಅದನ್ನೇ ಹಿಂದಿಯಲ್ಲೂ ಬರೆದಿದ್ದೆ.

ಅವರು ಓದಿ ಕನ್ನಡಕ ತೆಗೆದರು. “‘ಇದೆ’ ಎಂದಿದ್ದರೆ ಈಗಲೇ ಕಾಗದ ಕೊಡುತ್ತಿದ್ದೆ. ‘ಇರಬಹುದು’ ಎಂದರೆ ಫೈಲ್ ಮೇಲಕ್ಕೆ ಹೋಗಬೇಕು.”

ಆಗಲೂ ಆ ಒಂದು ಪದ ತಿದ್ದಬಹುದಿತ್ತು. ಹೊತ್ತು ಮೀರಿತ್ತು ಎಂದು ಡೈರಿ ಹೇಳುತ್ತದೆ. ಗಂಟೆ ನಾಲ್ಕೂ ಮುಕ್ಕಾಲು ಎಂದೂ ಅದೇ ಪುಟದಲ್ಲಿದೆ.

ಬರಿಗೈಯಲ್ಲಿ ಲಕ್ಷ್ಮೀ ನಗರದ ಮೆಟ್ರೊ ಹತ್ತಿದೆ. ಮೂರನೆಯ ಮಹಡಿಯ ಕಿರಿದಾದ ಕಾರಿಡಾರಿನಲ್ಲಿ ಕಸ್ತೂರಿ ಬಾಗಿಲಿಗೆ ಆತು ನಿಂತಿದ್ದಳು. ಮಾಲೀಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಆಪ್ ಭೀ ಇಸೀ ಲೈನ್ ಮೇ?” ಎಂದ, ನೀವೂ ಇದೇ ಕಸುಬಿನವರಾ ಎಂದು. ಆಫೀಸಿನ ಗುರುತಿನ ಚೀಟಿ ತೋರಿಸಿದೆ. ಈಗ ನೆನೆದರೆ, ಎಷ್ಟು ಬೇಗ ತೋರಿಸಿದೆ ಎಂದು ನಾಚಿಕೆಯಾಗುತ್ತದೆ.

ಕಸ್ತೂರಿ ನನ್ನ ಕೈಗಳನ್ನು ನೋಡಿದಳು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗಿ ಮೇಲೆ ಬಂದು ಒಬ್ಬೊಬ್ಬರ ಮುಖ ನೋಡಿದಳು. “ಕ್ಯಾ ಹುವಾ, ಅಂಕಲ್?”

“ಇವರನ್ನೇ ಕೇಳು,” ಎಂದು ಮಾಲೀಕ ನನ್ನ ಕಡೆ ಗದ್ದ ಎತ್ತಿದ. “ಸರ್ಕಾರದವರು.”

“ಆಂಟಿ, ಮಮ್ಮಿ ಏನ್ ಮಾಡಿದ್ಲು?”

“ನಿಮ್ಮಮ್ಮ ತಪ್ಪೇನೂ ಮಾಡಿಲ್ಲಮ್ಮ. ಅವರ ಹೆಸರು ಒಂದು ಪಟ್ಟಿಗೆ ಹೋಗಿದೆ, ಅಷ್ಟೆ,” ಎಂದೆ.

ಹೇಳಿದ ಮೇಲೆ ತಿಳಿಯಿತು. ತಪ್ಪಿಲ್ಲ ಎಂಬ ಮೊದಲ ಮಾತು ಐದನೆಯ ಪ್ರಶ್ನೆ, ಪಟ್ಟಿಯ ಮಾತು ನಾಲ್ಕನೆಯದು. ಹನ್ನೊಂದು ಪುಟದಲ್ಲಿ ಸಿಗದ ಕನ್ನಡ ಅಲ್ಲಿ ತಾನಾಗಿ ಬಂದಿತ್ತು.

“ಯಾವ ಪಟ್ಟಿ?” ಎಂದಳು ಹುಡುಗಿ. ಕಸ್ತೂರಿ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದಳು. ಎರಡೇ ದಿನಕ್ಕೆ ಕೋಣೆ ಖಾಲಿಯಾಯಿತು. ಕಸ್ತೂರಿಯ ನಂಬರು ಮತ್ತೆ ಸಿಗಲಿಲ್ಲ.

ಈ ವೃತ್ತಿಗೆ ಮಾನ್ಯತೆ ಬೇಕೇ ಬೇಡವೇ ಎಂದು ಚರ್ಚೆ ನಡೆದಾಗ ಈಗಲೂ ನಾನು ಮೊದಲು ಕೇಳುವುದು, ಹಾಗೆಂದರೆ ಯಾರ ಹೆಸರು ಎಲ್ಲಿ ಬರೆಯುತ್ತೀರಿ ಎಂದು. ಒಂದು ಪದ ನಾಳೆ ಯಾರನ್ನು ಯಾರ ಬಾಗಿಲಿಗೆ ಕಳಿಸುತ್ತದೆ ಎಂದು ತಿಳಿಯದೆ ಅದನ್ನು ಅನುವಾದಿಸಬಾರದು. ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿಸಿದ್ದು ತಡವಾಗಿ.

ನನ್ನ ಟಿಪ್ಪಣಿಯ ಫೈಲ್ ಮೇಲಿಂದ ಇಳಿಯುವ ಮೊದಲೇ ನಾನು ನಿವೃತ್ತಳಾದೆ. ಕಸ್ತೂರಿಯ ಹೆಸರನ್ನು ಆ ಪಟ್ಟಿಯಿಂದ ಯಾರೂ ತೆಗೆದಿರಲಾರರು. ಅವಳು ಈಗ ಎಲ್ಲಿ ಕೋಣೆ ಹಿಡಿದಿದ್ದಾಳೋ, ಅಲ್ಲಿಯ ಠಾಣೆಯಲ್ಲೂ ಬಾಡಿಗೆದಾರರ ವೆರಿಫಿಕೇಶನ್ ಇದ್ದೇ ಇರುತ್ತದೆ.